ಹೆಂಡತಿಯ ಪಾಲು, ಅರಸನ ಬೊಕ್ಕಸ

ಗಂಡಹೆಂಡಿರಿಬ್ಬರೂ ಸರಿಸಮನಾಗಿ ಹಣ ಹಾಕಿ ಒಂದು ಮನೆ ಕೊಂಡು ಬಾಡಿಗೆಗೆ ಕೊಟ್ಟಿರುತ್ತಾರೆ. ಗಂಡ ತೀರಿಕೊಳ್ಳುತ್ತಾನೆ. ಆಗ ಆ ಮನೆಯಲ್ಲಿ ಹೆಂಡತಿಗೆ ಸಲ್ಲುವುದೆಷ್ಟು, ಸರ್ಕಾರಕ್ಕೆ ಸಲ್ಲುವುದೆಷ್ಟು? ಈ ಪ್ರಶ್ನೆ ಇಂದು ನಿನ್ನೆಯದಲ್ಲ.

ಕಾಳಿದಾಸನ ಶಾಕುಂತಲ ನಾಟಕದ ಆರನೆಯ ಅಂಕವನ್ನು ನೆನೆಯೋಣ. ಕಡಲ ವ್ಯಾಪಾರಿ ಧನಮಿತ್ರನು ಹಡಗು ಒಡೆದು ಸತ್ತನು. ಮಕ್ಕಳಿಲ್ಲದ ಕಾರಣ ಅವನ ಹಣವೆಲ್ಲ ಅರಸನಿಗೆ ಸೇರತಕ್ಕದ್ದೆಂದು ಮಂತ್ರಿ ಬರೆದು ಕಳುಹಿಸುತ್ತಾನೆ. ದುಷ್ಯಂತನು ಮೃತನ ಹೆಂಡಿರಲ್ಲಿ ಯಾರಾದರೂ ಗರ್ಭಿಣಿಯೇ ಎಂದು ವಿಚಾರಿಸಿ, ಹುಟ್ಟಲಿರುವ ಶಿಶುವಿಗೆ ಆಸ್ತಿಯನ್ನು ಉಳಿಸುತ್ತಾನೆ. ಅರಸನ ಕರುಣೆ ದೊಡ್ಡದೇ ಸರಿ. ಆದರೆ ಈ ಭಾಗವನ್ನು ಪಾಠ ಹೇಳುವಾಗಲೆಲ್ಲ ನನ್ನ ಮನಸ್ಸು ಅಲ್ಲಿಯೇ ತಡೆದು ನಿಲ್ಲುತ್ತದೆ: ಆಕೆ ಬಸುರಿಯಾಗಿರದಿದ್ದರೆ ಗತಿಯೇನು? ಅಲ್ಲಿ ಹಕ್ಕು ಗರ್ಭದ್ದೇ ಹೊರತು ಹೆಂಡತಿಯದಲ್ಲ.

ಹೆಂಡತಿಯ ಹಕ್ಕನ್ನು ಎತ್ತಿಹಿಡಿದವರಲ್ಲಿ ನಮ್ಮ ನಾಡಿನ ವಿಜ್ಞಾನೇಶ್ವರನು ಪ್ರಮುಖನು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನು (1076–1126) ಆಳುತ್ತಿದ್ದ ಕಾಲದಲ್ಲಿ, ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ ಈತನು, ಅಣ್ಣತಮ್ಮಂದಿರಿಂದ ಪಾಲಾಗಿ ಗಂಡುಸಂತಾನವಿಲ್ಲದೆ ಸತ್ತವನ ಸ್ವತ್ತಿಗೆ ಪತ್ನಿಯೇ ಮೊದಲ ವಾರಸುದಾರಳೆಂದು ಸಾಧಿಸಿದನು. ಇದು ಬರಿಯ ಪಂಡಿತರ ಮಾತಾಗಿ ಉಳಿಯಲಿಲ್ಲ. ವಿಜಯಪುರ ಜಿಲ್ಲೆಯ ಮನಗೂಳಿಯ 1178ರ ಶಾಸನವು, ಗಂಡುಮಕ್ಕಳಿಲ್ಲದವನು ಸತ್ತರೆ ಹೆಂಡತಿ, ಹೆಣ್ಣುಮಕ್ಕಳು, ದಾಯಾದಿಗಳು ಅವನ ಮನೆ, ಹೊಲ, ಹಣ, ಧಾನ್ಯಗಳನ್ನು ಪಡೆಯಬೇಕೆಂದು ವಿಧಿಸುತ್ತದೆ. ಯಾರೂ ಇಲ್ಲದಿದ್ದರೆ ಮಾತ್ರ ಅದು ಊರಿನ ಕೈಗೆ ಸೇರಿ ಧರ್ಮಕ್ಕೆ ಸಲ್ಲಬೇಕು.

ಆದರೂ ಕೂಡುಕುಟುಂಬದ ವಿಧವೆಗೆ ಶತಮಾನಗಳ ಕಾಲ ಅನ್ನವಸ್ತ್ರಗಳಷ್ಟೇ ದಕ್ಕಿದುವು. ಮೈಸೂರು ಸಂಸ್ಥಾನವು 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳಿಗೆಂದೇ ಕಾಯಿದೆ ಮಾಡಿತು. 1937ರ ಬ್ರಿಟಿಷ್ ಇಂಡಿಯಾ ಕಾಯಿದೆ ವಿಧವೆಗೆ ಗಂಡನ ಪಾಲನ್ನು ಕೊಟ್ಟಿತಾದರೂ ಅದು ಆಕೆಯ ಜೀವಮಾನಕ್ಕೆ ಸೀಮಿತವಾಗಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದ ಆಕೆ ಪೂರ್ಣ ಒಡತಿಯಾದಳು.

ಇನ್ನು ಬೊಕ್ಕಸದ ಮಾತು. ಸತ್ತವರ ಆಸ್ತಿಯ ಮೇಲೆ 1953ರಲ್ಲಿ ಬಂದ ಎಸ್ಟೇಟ್ ಸುಂಕವು 1985ರಲ್ಲಿ ರದ್ದಾಯಿತು. ಆದ್ದರಿಂದ ಇಂದು ಮರಣದ ಕಾರಣಕ್ಕಾಗಿ ತೆರಿಗೆಯಿಲ್ಲ. ನಾವು ಮೊದಲು ಹೇಳಿದ ಮನೆಯಲ್ಲಿ ಹೆಂಡತಿಯ ಅರ್ಧ ಆಕೆಯದೇ. ಗಂಡನ ಅರ್ಧ, ಉಯಿಲಿಲ್ಲದಿದ್ದರೆ, ಹಿಂದೂಗಳಲ್ಲಿ ಹೆಂಡತಿ, ಮಕ್ಕಳು, ಆತನ ತಾಯಿ, ಇವರಿಗೆ ಸಮನಾಗಿ ಹಂಚಿಹೋಗುತ್ತದೆ. ಬಾಡಿಗೆಯ ತೆರಿಗೆಯೂ ಅವರವರ ಪಾಲಿನಂತೆಯೇ.

ಆದರೆ ಮನೆಯನ್ನು ಮಾರಿದಾಗ ಬೊಕ್ಕಸ ಬಾಗಿಲು ತಟ್ಟುತ್ತದೆ. ಗಂಡನಿಂದ ಬಂದ ಪಾಲಿನ ಲಾಭವನ್ನು ಎಣಿಸುವಾಗ ಅವನು ಸತ್ತ ದಿನದ ಬೆಲೆಯನ್ನು ಹಿಡಿಯುವುದಿಲ್ಲ. ಅವನು ಕೊಂಡ ಬೆಲೆಯೇ ಅಸಲು. 2001ರ ಏಪ್ರಿಲ್ 1ಕ್ಕೆ ಮುಂಚೆ ಕೊಂಡದ್ದಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನು ಹಿಡಿಯಲು ಅವಕಾಶವುಂಟು. ಮೂವತ್ತು ವರ್ಷದ ಹಿಂದಿನ ಕ್ರಯಪತ್ರ ಕಳೆದುಹೋಗಿದ್ದರೆ ಆ ವಿಧವೆ ಏನನ್ನು ತೋರಿಸಬೇಕು?

ಮನಗೂಳಿಯವರು ಹೆಂಡತಿಯ ಹಕ್ಕನ್ನು ಕಲ್ಲಿನಲ್ಲಿ ಕೊರೆಸಿದರು. ನಾವು ಕಲ್ಲು ನಿಲ್ಲಿಸಬೇಕಾಗಿಲ್ಲ. ಮನೆಯ ಪತ್ರಗಳು ಯಾವ ಪೆಟ್ಟಿಗೆಯಲ್ಲಿವೆಯೆಂದು ಮನೆಯಾಕೆಗೆ ತಿಳಿಸಿದ್ದರೆ ಸಾಕು.