ನೀರಿನಿಂದ ನೀರಿಗೆ: ದಾರಿಯಲ್ಲಿ ಸಿಲುಕಿದವರ ಹಕ್ಕು

ಗುಂಡ್ಲುಪೇಟೆಯಿಂದ ಎರಡು ಹೆದ್ದಾರಿಗಳು ಬಂಡೀಪುರದ ಕಾಡನ್ನು ಹೊಗುತ್ತವೆ. ಒಂದು ಮದ್ದೂರು, ಮೂಲೆಹೊಳೆ ದಾಟಿ ವಯನಾಡಿಗೆ ಹೋಗುತ್ತದೆ. ಇನ್ನೊಂದು ಮೇಲುಕಾಮನಹಳ್ಳಿ, ಬಂಡೀಪುರ ದಾಟಿ ಗೂಡಲೂರು, ಊಟಿಗೆ ಹೋಗುತ್ತದೆ. 2009ರಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳು ರಾತ್ರಿ ಸಂಚಾರಕ್ಕೆ ತಡೆ ಹಾಕಿದರು. 2010ರ ಮಾರ್ಚ್‌ನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಗೇಟು ಮುಚ್ಚಿದರೆ ಆಂಬುಲೆನ್ಸ್‌ನಂತಹ ತುರ್ತು ವಾಹನಗಳಿಗೆ ಮತ್ತು ಬೆರಳೆಣಿಕೆಯ ಬಸ್ಸುಗಳಿಗೆ ಮಾತ್ರ ದಾರಿ. ಹಗಲಲ್ಲೂ ಕಾಡಿನ ನಡುವೆ ಗಾಡಿ ನಿಲ್ಲಿಸಿ ಕೆಳಗಿಳಿಯುವಂತಿಲ್ಲ. ಅದು ಆನೆ, ಹುಲಿಗಳ ಜಾಗ.

ಇಂತಹ ದಾರಿಯಲ್ಲಿ ಟ್ಯಾಕ್ಸಿ ಓಡಿಸುವವರ ಮುಂದೆ ಒಂದು ಪ್ರಶ್ನೆ ಆಗಾಗ ಬಂದು ನಿಲ್ಲುತ್ತದೆ. ವಯನಾಡಿನ ಶುಂಠಿ ಹೊಲದಿಂದ ಕೂಲಿ ಸಿಗದೆ ಮರಳುವ ಹೆಂಗಸು, ಕಾಡಂಚಿನ ಹಾಡಿಯಿಂದ ಆಸ್ಪತ್ರೆಗೆ ಹೊರಟ ಬಸುರಿ, ಜೇಬು ಕತ್ತರಿಸಿಕೊಂಡ ಮುದುಕ, ದಾರಿ ತಪ್ಪಿದ ಮಗು. ಇವರ ಕೈಯಲ್ಲಿ ಬಾಡಿಗೆಯ ಹಣವಿಲ್ಲ. ಚಾಲಕನ ತಲೆಯ ಮೇಲೆ ಡೀಸೆಲ್ ಖರ್ಚು, ಗಾಡಿಯ ಕಂತು, ಮನೆಯ ಅಕ್ಕಿ ಬೇಳೆ. ಯಾರ ಹಕ್ಕು ಎಷ್ಟು? ಈ ಪ್ರಶ್ನೆ ಮೋಟಾರು ಬಂದ ಮೇಲೆ ಹುಟ್ಟಿದ್ದಲ್ಲ. ಒಂಟೆಯ ಕಾಲದಲ್ಲೇ ನಮ್ಮ ಹಿರಿಯರು ಇದನ್ನು ಎದುರಿಸಿದ್ದಾರೆ. ಅವರು ಕೊಟ್ಟ ಉತ್ತರವನ್ನು ಇತಿಹಾಸದಿಂದ ತಿಳಿಯೋಣ.

ಉಮ್ಮು ಸಲಮಾರ ಪಯಣ

ಹಝ್ರತ್ ಉಮ್ಮು ಸಲಮಾ(ರ) ಮುಂದೆ ವಿಶ್ವಾಸಿಗಳ ಮಾತೆಯಾದವರು. ಪತಿ ಅಬೂ ಸಲಮಾ(ರ) ಮದೀನಕ್ಕೆ ಹೊರಟಾಗ ತವರಿನವರು ಅವರನ್ನು ತಡೆದರು. ಮಗುವನ್ನು ಪತಿಯ ಕುಲದವರು ಕಿತ್ತುಕೊಂಡರು. ಸುಮಾರು ಒಂದು ವರ್ಷ ಕಣ್ಣೀರಿನಲ್ಲಿ ಕಳೆದ ಮೇಲೆ ಮಗು ಕೈಸೇರಿತು. ಅವರು ಪುಟ್ಟ ಸಲಮಾನನ್ನು ಮಡಿಲಲ್ಲಿಟ್ಟುಕೊಂಡು ಒಂಟೆಯೇರಿ ಒಬ್ಬರೇ ಹೊರಟರು. ಮುಂದಿದ್ದದ್ದು 400 ಕಿಲೋಮೀಟರಿಗೂ ಹೆಚ್ಚಿನ ಮರುಭೂಮಿಯ ದಾರಿ.

ಮಕ್ಕಾದ ಹೊರವಲಯದ ತನ್‌ಈಮ್‌ನಲ್ಲಿ ಉಸ್ಮಾನ್ ಬಿನ್ ತಲ್ಹಾ ಎದುರಾದರು. ಆಗ ಅವರಿನ್ನೂ ಇಸ್ಲಾಮ್ ಸ್ವೀಕರಿಸಿರಲಿಲ್ಲ. ಜೊತೆಗೆ ಯಾರೂ ಇಲ್ಲವೆಂದು ತಿಳಿದು, ಈ ಹೆಂಗಸನ್ನು ಹೀಗೆ ಬಿಡಲಾಗದೆಂದು ಒಂಟೆಯ ಮೂಗುದಾರ ಹಿಡಿದು ನಡೆದರು. ತಂಗುವ ಜಾಗ ಬಂದಾಗ ಒಂಟೆಯನ್ನು ಕೂರಿಸಿ ದೂರ ಸರಿಯುತ್ತಿದ್ದರು. ಅವರು ಇಳಿದ ಮೇಲೆ ಒಂಟೆಯನ್ನು ಮರಕ್ಕೆ ಕಟ್ಟಿ, ತಾವು ಬೇರೊಂದು ಮರದಡಿ ಮಲಗುತ್ತಿದ್ದರು. ಹೀಗೆ ಕುಬಾದವರೆಗೆ ಬಂದು, ಪತಿ ಇರುವ ಊರನ್ನು ತೋರಿಸಿ, ಏನನ್ನೂ ಕೇಳದೆ ಮಕ್ಕಾಕ್ಕೆ ಮರಳಿದರು. ಅವರಿಗಿಂತ ಘನತೆಯುಳ್ಳ ಸಂಗಾತಿಯನ್ನು ತಾನು ಕಂಡಿಲ್ಲವೆಂದು ಉಮ್ಮು ಸಲಮಾ(ರ) ಮುಂದೆ ನೆನೆದರು. ಇಬ್ನು ಇಸ್‌ಹಾಕರ ಸೀರಾ ಈ ಘಟನೆಯನ್ನು ದಾಖಲಿಸಿದೆ.

ಈ ಉಸ್ಮಾನ್ ಹಿಜರಿ 8ರಲ್ಲಿ ಮುಸ್ಲಿಮರಾದರು. ಮಕ್ಕಾ ವಿಜಯದ ದಿನ ಪ್ರವಾದಿವರ್ಯರು(ಸ) ಕಅಬಾದ ಕೀಲಿಯನ್ನು ಅವರ ಕೈಗೇ ಮರಳಿಸಿದರು. ಇದರಲ್ಲಿ ನಮಗೆ ಎರಡು ಪಾಠಗಳಿವೆ. ಹಣ ಬಿಡುವುದರಷ್ಟೇ ಕಣ್ಣು, ನಾಲಗೆ, ಅಂತರ ಕಾಪಾಡುವುದೂ ಚಾಲಕನ ಕರ್ತವ್ಯ. ಬಾಡಿಗೆ ಕೊಡಲಾಗದ ಹೆಂಗಸು ಅಸಹಾಯಕಳು. ಮಾಡಿದ ಉಪಕಾರಕ್ಕೆ ಪ್ರತಿಯಾಗಿ ಅವಳ ಫೋನ್ ನಂಬರ್ ಕೇಳುವುದು, ಚುಚ್ಚಿ ಮಾತನಾಡುವುದು ಉಪಕಾರವನ್ನೇ ಸುಡುತ್ತದೆ. ಎರಡನೆಯದು, ಅಂದು ನಮ್ಮ ತಾಯಿಯನ್ನು ಕಾಪಾಡಿದವರು ನಮ್ಮ ಧರ್ಮದವರಾಗಿರಲಿಲ್ಲ. ಗಾಡಿ ಹತ್ತಲು ಬಂದವರ ಧರ್ಮ ನೋಡುವ ಅಧಿಕಾರ ನಮಗೆಲ್ಲಿಯದು?

ಖಲೀಫರ ಕಾಲದ ಏರ್ಪಾಡು

ಸವಾರಿಯಿಲ್ಲದವನ ನೋವನ್ನು ಕುರ್‌ಆನ್ ಮರೆತಿಲ್ಲ. ತಬೂಕಿಗೆ ಹೊರಡಲು ವಾಹನ ಕೇಳಿ ಬಂದು, ಪ್ರವಾದಿವರ್ಯರ(ಸ) ಬಳಿಯೂ ಇಲ್ಲವೆಂದು ತಿಳಿದು ಅಳುತ್ತಾ ಮರಳಿದ ಬಡ ಸಹಾಬಿಗಳ ಪ್ರಸ್ತಾಪ ಸೂರಃ ಅತ್ತೌಬದಲ್ಲಿದೆ. ಅದೇ ಸೂರಃದ 60ನೇ ಸೂಕ್ತ ಝಕಾತ್‌ನ ಎಂಟು ಹಕ್ಕುದಾರರಲ್ಲಿ ದಾರಿಹೋಕನನ್ನೂ ಎಣಿಸಿದೆ. ಊರಲ್ಲಿ ಆಸ್ತಿಯಿದ್ದರೂ ದಾರಿಯಲ್ಲಿ ಕೈ ಬರಿದಾದವನು ಈ ವರ್ಗಕ್ಕೆ ಸೇರುತ್ತಾನೆ. ಒಂದು ಪಯಣದಲ್ಲಿ ಹೆಚ್ಚುವರಿ ಸವಾರಿ ಇದ್ದವರು ಇಲ್ಲದವರಿಗೆ ಕೊಡಲಿ ಎಂದು ಪ್ರವಾದಿವರ್ಯರು(ಸ) ಆದೇಶಿಸಿದ್ದನ್ನು ಅಬೂ ಸಈದುಲ್ ಖುದ್ರೀ(ರ) ವರದಿ ಮಾಡಿದ್ದಾರೆ. ನಿರ್ಜನ ದಾರಿಯಲ್ಲಿ ಮಿಗಿಲು ನೀರಿದ್ದೂ ಪಯಣಿಗನಿಗೆ ಕೊಡದವನಿಗೆ ಪರಲೋಕದಲ್ಲಿ ಕಠಿಣ ಎಚ್ಚರಿಕೆಯಿದೆ.

ಹಝ್ರತ್ ಉಮರ್(ರ) ಇದನ್ನು ರಾಜ್ಯದ ಕೆಲಸವಾಗಿ ಮಾಡಿದರು. ಹಿಟ್ಟು, ಖರ್ಜೂರ, ಒಣದ್ರಾಕ್ಷಿ ತುಂಬಿದ ಉಗ್ರಾಣವನ್ನು ದಾರಿಯಲ್ಲಿ ಸಿಲುಕಿದವರಿಗಾಗಿ ತೆರೆದರು. ಮಕ್ಕಾ, ಮದೀನದ ನಡುವೆ ಅಂಥವರನ್ನು ಒಂದು ನೀರಿನ ತಾಣದಿಂದ ಮುಂದಿನ ನೀರಿನ ತಾಣಕ್ಕೆ ಹೊತ್ತೊಯ್ಯುವ ವ್ಯವಸ್ಥೆ ಮಾಡಿದರೆಂದು ಇಬ್ನು ಸಅದ್ ಬರೆದಿದ್ದಾರೆ. ಒಂದೇ ವರ್ಷದಲ್ಲಿ 40,000 ಒಂಟೆಗಳನ್ನು ಸವಾರಿಗೆ ಒದಗಿಸಿದರೆಂದು ಇಮಾಮ್ ಮಾಲಿಕರ ಮುವತ್ತಾ ಹೇಳುತ್ತದೆ. ಮುಂದೆ ಉಮರ್ ಬಿನ್ ಅಬ್ದುಲ್ ಅಝೀಝ್ (ಕ್ರಿ.ಶ. 717–720) ಸಮರ್ಕಂದದ ಅಧಿಕಾರಿಗೆ ಪತ್ರ ಬರೆದು ತಂಗುದಾಣಗಳನ್ನು ಕಟ್ಟಿಸಲು ಹೇಳಿದರು: ಪಯಣಿಗನಿಗೆ ಒಂದು ಹಗಲು ರಾತ್ರಿ ಆತಿಥ್ಯ, ಕಾಯಿಲೆಯಾದರೆ ಎರಡು, ಕೈಯಲ್ಲಿ ಏನೂ ಇಲ್ಲದಿದ್ದರೆ ಊರು ಸೇರುವಷ್ಟು ಖರ್ಚು. 1326ರಲ್ಲಿ ಡಮಾಸ್ಕಸ್ ಕಂಡ ಇಬ್ನು ಬತೂತಾ, ದಾರಿಹೋಕರ ಊಟ, ಬಟ್ಟೆ, ಮನೆ ಸೇರುವ ಖರ್ಚಿಗೆಂದೇ ಅಲ್ಲಿ ವಕ್ಫ್‌ಗಳಿದ್ದುದನ್ನು ದಾಖಲಿಸಿದ್ದಾರೆ. ನಮ್ಮ ಕನ್ನಡ ನಾಡಿನ ಛತ್ರ, ಅರವಟ್ಟಿಗೆ, ಮುಸಾಫಿರ್‌ಖಾನೆಗಳ ಹಿಂದೆಯೂ ಇದೇ ಕರುಣೆಯಿದೆ.

ಈ ಇತಿಹಾಸದಲ್ಲಿ ಗಮನಿಸಬೇಕಾದ್ದು ಒಂದಿದೆ. ಬಡ ಒಂಟೆಗಾರನೊಬ್ಬನೇ ಎಲ್ಲರ ಭಾರ ಹೊರಲೆಂದು ಖಲೀಫರು ಹೇಳಲಿಲ್ಲ. ಖರ್ಚನ್ನು ಬೈತುಲ್‌ಮಾಲ್ ಹೊತ್ತಿತು, ವಕ್ಫ್ ಹೊತ್ತಿತು.

ಚಾಲಕರು ಮಾಡಬೇಕಾದ್ದು

ಬಾಡಿಗೆ ಒಂದು ಸಾಲ, ಪ್ರಯಾಣಿಕನ ಪ್ರಾಣ ಒಂದು ಅಮಾನತ್. ಸಾಲಕ್ಕೆ ಕಾಯಬಹುದು, ಅಮಾನತ್ ಕಾಯುವುದಿಲ್ಲ. ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಅವಧಿ ಕೊಡಬೇಕು, ಬಿಟ್ಟುಕೊಟ್ಟರೆ ಇನ್ನೂ ಉತ್ತಮವೆಂದು ಸೂರಃ ಅಲ್‌ಬಕರಃದ 280ನೇ ಸೂಕ್ತ ಕಲಿಸುತ್ತದೆ. ಹಣವಿಲ್ಲವೆಂದು ದಾರಿಯ ನಡುವೆ ತಿಳಿದರೂ ಮೂಲೆಹೊಳೆಯ ಕಾಡಿನಲ್ಲೋ ಕತ್ತಲ ತಿರುವಿನಲ್ಲೋ ಇಳಿಸುವಂತಿಲ್ಲ. ಊಟಿಯವರೆಗೂ ಉಚಿತವಾಗಿ ಒಯ್ಯಬೇಕೆಂದು ಯಾರೂ ಹೇಳುತ್ತಿಲ್ಲ. ಆದರೆ ನೀರಿನಿಂದ ನೀರಿಗೆ, ಅಂದರೆ ಜನರಿರುವ, ದೀಪವಿರುವ ಮುಂದಿನ ಜಾಗದವರೆಗೆ ತಲುಪಿಸಲೇಬೇಕು. ಅದು ಬಸ್ ನಿಲ್ದಾಣವಾಗಬಹುದು, ಪೊಲೀಸ್ ಠಾಣೆಯಾಗಬಹುದು, ಆಸ್ಪತ್ರೆಯಾಗಬಹುದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಿದೆ. ರಾಜ್ಯದ ಹೆಂಗಸರನ್ನು ಗುಂಡ್ಲುಪೇಟೆ ನಿಲ್ದಾಣ ಮುಟ್ಟಿಸಿದರೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಮೈಸೂರಿನವರೆಗೆ ಹಣವಿಲ್ಲದೆ ಹೋಗಬಲ್ಲರು. ಗೇಟು ಮುಚ್ಚಿದ ರಾತ್ರಿ ರೋಗಿಯಿದ್ದರೆ 108ಕ್ಕೆ, ಅಪಾಯವಿದ್ದರೆ 112ಕ್ಕೆ, ಒಂಟಿ ಮಗುವಾದರೆ 1098ಕ್ಕೆ ಕರೆ ಮಾಡಿ, ನೆರವು ಬರುವವರೆಗೆ ಜೊತೆಗಿರಬೇಕು.

ಗಾಯಾಳುವನ್ನು ಒಯ್ದರೆ ಪೊಲೀಸ್ ಕೇಸಿನಲ್ಲಿ ಸಿಕ್ಕಿಬೀಳುವ ಭಯ ಅನೇಕರಿಗಿದೆ. 2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಮಾರ್ಗಸೂಚಿಗಳು ನೆರವಾದವರಿಗೆ ರಕ್ಷಣೆ ಕೊಟ್ಟಿವೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ 134ಎ ಕಲಮು ಸೇರಿತು. ಗಾಯಾಳುವನ್ನು ಕರೆತಂದವರಿಂದ ಆಸ್ಪತ್ರೆ ಖರ್ಚು ಕೇಳುವಂತಿಲ್ಲ, ಹೆಸರು ಹೇಳಲು ಬಲವಂತ ಮಾಡುವಂತಿಲ್ಲ. ತುರ್ತು ಚಿಕಿತ್ಸೆ ಕೊಡುವುದು ವೈದ್ಯರ ಕರ್ತವ್ಯವೆಂದು 1989ರ ಪರಮಾನಂದ ಕಟಾರಾ ತೀರ್ಪು ಆಗಲೇ ಹೇಳಿದೆ.

ಗಾಡಿ ಬೇರೆಯವರದ್ದಾದರೆ ಚಾಲಕ ಮಾಲೀಕನಿಗೆ ಲೆಕ್ಕ ಒಪ್ಪಿಸಬೇಕಾದವನು. ಬೇರೆಯವರ ಹಣವನ್ನು ತಾನಾಗಿ ದಾನ ಮಾಡಲಾಗದು. ಆದ್ದರಿಂದ ಮಾಲೀಕರೇ ಮುಂಚಿತವಾಗಿ ಅನುಮತಿ ಕೊಟ್ಟಿರಲಿ. ಆ ಪುಣ್ಯ ಅವರಿಗೂ ಇದೆ.

ಪ್ರಯಾಣಿಕರಿಗೂ ಒಂದು ಮಾತು. ದುಡಿದವನ ಕೂಲಿಯನ್ನು ಬೆವರು ಆರುವ ಮುನ್ನ ಕೊಡಬೇಕು. ಶಕ್ತಿಯಿದ್ದೂ ಕೊಡದೆ ಸತಾಯಿಸುವುದು ಅನ್ಯಾಯ. ಕೈಯಲ್ಲಿ ಹಣವಿಲ್ಲದವರು ಹತ್ತುವ ಮುನ್ನವೇ ಹೇಳಲಿ, ಊರು ಸೇರಿದ ಮೇಲೆ ತಲುಪಿಸಲಿ.

ಜಮಾಅತ್‌ನ ಪಾಲು

ಇನ್ನು ಉಳಿದದ್ದು ನಮ್ಮೆಲ್ಲರ ಪಾಲು. ಟ್ಯಾಕ್ಸಿ ನಿಲ್ದಾಣದ ಹತ್ತಿರವಿರುವ ಪ್ರತಿ ಮಸೀದಿಯಲ್ಲಿ ದಾರಿಹೋಕರ ಪೆಟ್ಟಿಗೆಯೊಂದು ಇರಲಿ. ಬಾಡಿಗೆ ಬಿಟ್ಟು ಬಂದ ಚಾಲಕನಿಗೆ ಡೀಸೆಲ್ ಖರ್ಚಾದರೂ ಅದರಿಂದ ಸಿಗಲಿ. ಝಕಾತ್‌ನ ಹಣಕ್ಕೆ ಅದರದೇ ನಿಯಮಗಳಿವೆ. ಉಲಮಾಗಳನ್ನು ಕೇಳಿ ಪ್ರತ್ಯೇಕವಾಗಿಡಿ. ಸದಕಾದ ಹಣ ಜಾತಿ, ಮತ ನೋಡದೆ ಎಲ್ಲ ಪಯಣಿಗರಿಗೂ ಸಲ್ಲಲಿ. ಗೇಟು ಮುಚ್ಚಿದ ರಾತ್ರಿ ಸಿಲುಕಿದ ಕುಟುಂಬಕ್ಕೆ ಮಲಗಲು ಜಾಗ, ಒಂದು ಲೋಟ ಬಿಸಿ ಚಹಾ ಕೊಡುವುದು ಯಾವ ಜಮಾಅತ್‌ಗೂ ಭಾರವಲ್ಲ.

ಅಲ್ಲಾಹನು ನಮ್ಮ ಚಾಲಕ ಸಹೋದರರ ದುಡಿಮೆಯಲ್ಲಿ ಬರಕತ್ ನೀಡಲಿ. ಅವರನ್ನೂ ಅವರು ಹೊತ್ತೊಯ್ಯುವವರನ್ನೂ ಸುರಕ್ಷಿತವಾಗಿ ಮನೆ ಸೇರಿಸಲಿ. ದಾರಿಯಲ್ಲಿ ಸಿಲುಕಿದವರನ್ನು ನೋಡಿಯೂ ನೋಡದಂತೆ ಹೋಗುವವರ ಸಾಲಿನಲ್ಲಿ ನಮ್ಮನ್ನು ಸೇರಿಸದಿರಲಿ. ಆಮೀನ್.