ಒಂದು ಬಸ್ಸು, ಮೂರು ಸ್ಕೂಟರು: ಒಟ್ಟು ಎಷ್ಟು?



ಒಂದು ಬಿಂದಿಗೆಯಲ್ಲಿ ಎಷ್ಟು ನೀರು ಹಿಡಿಸುತ್ತದೆ ಎಂದು ಕೇಳಿದರೆ ನೀವು ಅಳೆದು ಹೇಳಬಲ್ಲಿರಿ. ಒಂದು ರಸ್ತೆಯಲ್ಲಿ ಎಷ್ಟು ವಾಹನ ಹಿಡಿಸುತ್ತದೆ ಎಂದರೆ? ಬನಶಂಕರಿಯಿಂದ ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳನ್ನು ಹಾಯ್ದು ಸಿಲ್ಕ್ ಬೋರ್ಡ್ ಸೇರುವ ಹೊರ ವರ್ತುಲ ರಸ್ತೆಯ ಬದಿಗೆ ಸಂಜೆ ಆರು ಗಂಟೆಗೆ ನಿಂತು ನೋಡಿ. ಬಸ್ಸಿನ ಪಕ್ಕ ಆಟೋ, ಆಟೋಗೂ ಕಾರಿಗೂ ನಡುವಿನ ಸಂದಿಯಲ್ಲಿ ಸ್ಕೂಟರು. ಎಣಿಸುವುದು ಕಷ್ಟವಲ್ಲ, ಕೂಡಿಸುವುದು ಕಷ್ಟ. ಒಂದು ಬಸ್ಸಿಗೆ ಮೂರು ಸ್ಕೂಟರು ಕೂಡಿಸಿ ‘ನಾಲ್ಕು’ ಎಂದರೆ ಅದಕ್ಕೇನು ಅರ್ಥ?

1948ರಲ್ಲಿ ಜಯನಗರಕ್ಕೆ ಅಸ್ತಿಭಾರ ಹಾಕಿದಾಗ ಈ ಲೆಕ್ಕಕ್ಕೆ ಒಂದು ಕೈಪಿಡಿ ಇನ್ನೂ ಬಂದಿರಲಿಲ್ಲ. ಎರಡು ವರ್ಷದ ಮೇಲೆ, 1950ರಲ್ಲಿ, ಅಮೆರಿಕದಲ್ಲಿ ‘ಹೈವೇ ಕೆಪಾಸಿಟಿ ಮ್ಯಾನ್ಯುಯಲ್’ ಪ್ರಕಟವಾಯಿತು. 1965ರ ಆವೃತ್ತಿ ರಸ್ತೆಗಳಿಗೆ ‘ಎ’ಯಿಂದ ‘ಎಫ್’ವರೆಗೆ ದರ್ಜೆ ಕೊಟ್ಟಿತು, ಥೇಟ್ ನಿಮ್ಮ ಅಂಕಪಟ್ಟಿಯಂತೆ! ‘ಎ’ ಎಂದರೆ ನಿರಾತಂಕ ಸಂಚಾರ. ‘ಎಫ್’ ಎಂದರೆ ತೆವಳುವ, ನಿಂತೇ ಬಿಡುವ ಸಂಚಾರ.

ಅಲ್ಲಿನ ರಸ್ತೆಗಳಲ್ಲಿ ಬಹುಪಾಲು ಕಾರುಗಳೇ, ಅವೂ ತಂತಮ್ಮ ಪಥದೊಳಗೇ ಓಡುವಂಥವು. ಹಾಗಾಗಿ ಕಾರೇ ಅಳತೆಗೋಲಾಯಿತು. ನಮ್ಮ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ನಗರದ ರಸ್ತೆಗಳಿಗೆಂದು ‘ಐ.ಆರ್.ಸಿ. 106’ ಎಂಬ ಮಾರ್ಗಸೂಚಿ ಹೊರತಂದಾಗಲೂ ಅಳತೆಗೋಲು ಕಾರೇ. ಅದರ ಹೆಸರು ಪ್ಯಾಸೆಂಜರ್ ಕಾರ್ ಯೂನಿಟ್. ಕಾರು 1 ಆದರೆ, ಒಟ್ಟು ವಾಹನಗಳಲ್ಲಿ ಆಯಾ ಬಗೆಯ ಪಾಲು ಶೇಕಡಾ 10 ಅಥವಾ ಹೆಚ್ಚಿರುವಾಗ ದ್ವಿಚಕ್ರ ವಾಹನ 0.75, ಆಟೋ 2, ಬಸ್ಸು 3.7. ಜಟಕಾ, ಕೈಗಾಡಿಗಳಿಗೂ ಅಲ್ಲಿ ಜಾಗವಿತ್ತು ಎಂಬುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ.

ಆದರೆ ಕಾರಿಗಿಂತ ಚಿಕ್ಕದಾದ ಆಟೋ ಎರಡು ಕಾರಿಗೆ ಸಮ ಹೇಗೆ? ಈ ಬಗೆಯ ಪ್ರಶ್ನೆಗಳನ್ನು ನಮ್ಮ ರಸ್ತೆಗಳಲ್ಲೇ ಅಳೆದು ನೋಡಲು ದೆಹಲಿಯ ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆ ಹಲವು ಐ.ಐ.ಟಿ. ಮೊದಲಾದ ವಿದ್ಯಾಸಂಸ್ಥೆಗಳ ಜೊತೆಗೂಡಿತು. ಫಲವೇ 2017ರ ‘ಇಂಡೋ-ಎಚ್.ಸಿ.ಎಂ.’ ಕೈಪಿಡಿ. ನಮ್ಮ ಸಂಶೋಧಕರು ಬೆಳೆಸಿದ ಒಂದು ಸೂತ್ರ ಎಷ್ಟು ಸರಳ ನೋಡಿ: ಕಾರಿನ ವೇಗವನ್ನು ಆ ವಾಹನದ ವೇಗದಿಂದ ಭಾಗಿಸಿ, ಅದು ನೆಲದ ಮೇಲೆ ಆಕ್ರಮಿಸುವ ಜಾಗವನ್ನು ಕಾರಿನ ಜಾಗದಿಂದ ಭಾಗಿಸಿ, ಎರಡನ್ನೂ ಗುಣಿಸಿ. ಕಾರಿಗೆ ಸುಮಾರು 5.4 ಚದರ ಮೀಟರು ಬೇಕು, ಆಟೋಗೆ 4.5, ದ್ವಿಚಕ್ರಕ್ಕೆ 1.2. ಕಾರು ಗಂಟೆಗೆ 40 ಕಿಲೋಮೀಟರು, ಆಟೋ 32 ಎಂದಿಟ್ಟುಕೊಂಡರೆ ಆಟೋ ಬೆಲೆ ಸುಮಾರು 1.04. ಕಾರಿನಷ್ಟೇ ವೇಗದಲ್ಲಿ ಹೋಗುವ ಸ್ಕೂಟರಿನದು ಬರೀ 0.22. ವೇಗ ಬದಲಾದಂತೆ ಬೆಲೆಯೂ ಬದಲಾಗುತ್ತದೆ. ಕೋಷ್ಟಕದ ಸ್ಥಿರ ಸಂಖ್ಯೆ ಈಗ ಚಲಿಸುವ ಸಂಖ್ಯೆಯಾಯಿತು.

ಇದು ಬರೀ ಗಣಿತದ ಆಟವಲ್ಲ. ಸಾವಿರ ಸ್ಕೂಟರು ಹಳೆಯ ಲೆಕ್ಕದಲ್ಲಿ 750 ಕಾರು, ಈ ಲೆಕ್ಕದಲ್ಲಿ 220. ಮೊದಲನೆಯದನ್ನು ನಂಬಿದರೆ ರಸ್ತೆ ತುಂಬಿದೆ, ಮೇಲ್ಸೇತುವೆ ಬೇಕು. ಎರಡನೆಯದನ್ನು ನಂಬಿದರೆ ಇನ್ನೂ ಜಾಗವಿದೆ. ಮೇಲ್ಸೇತುವೆಯ ಆಯುಸ್ಸಾದರೂ ಎಷ್ಟು? ಜಯದೇವ ಆಸ್ಪತ್ರೆಯ ಬಳಿ ಇದ್ದುದನ್ನು ಮೆಟ್ರೊಗಾಗಿ 2020ರಲ್ಲಿ ಕೆಡವಿದರು. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗಿನ ಎರಡಂತಸ್ತಿನ ಸೇತುವೆಯ ರಸ್ತೆ 2024ರ ಜುಲೈನಲ್ಲಿ ತೆರೆಯಿತು.

ಈ ಎಲ್ಲ ಲೆಕ್ಕದಲ್ಲಿ ಒಂದು ಸಂಗತಿ ಮರೆಯಾಗಿರುತ್ತದೆ: ವಾಹನದೊಳಗಿನ ಜನ. 3.7 ಎಂಬ ಬಸ್ಸಿನಲ್ಲಿ 60 ಜನರಿದ್ದರೆ ಒಂದು ಕಾರಿನ ಪಾಲಿಗೆ 16 ಜನ ಬರುತ್ತಾರೆ. ಕಾರಿನೊಳಗೆ ಇಣುಕಿ ನೋಡಿ, ಎಷ್ಟು ಜನರಿರುತ್ತಾರೆ? ಅಮೆರಿಕದ ಕೈಪಿಡಿಯೂ ಪಾದಚಾರಿ, ಸೈಕಲ್, ಬಸ್ಸುಗಳನ್ನು ಕಾರಿನ ಜೊತೆಯಲ್ಲೇ ಇಟ್ಟು ತೂಗಿದ್ದು 2010ರ ಆವೃತ್ತಿಯಲ್ಲಿ. 2019ರಲ್ಲಿ ಸಿಲ್ಕ್ ಬೋರ್ಡ್‌ನಿಂದ ಟಿನ್ ಫ್ಯಾಕ್ಟರಿಯ ಕಡೆಗೆ ಬಸ್ಸಿಗೆಂದೇ ಒಂದು ಪಥ ಬಿಟ್ಟಿದ್ದರು. ಅಂಥ ಪಥ, ವಾಹನ ಎಣಿಸುವವರಿಗೆ ಖಾಲಿ. ಜನರನ್ನು ಎಣಿಸುವವರಿಗೆ ಭರ್ತಿ.

ರಜೆಯ ದಿನವಲ್ಲದ ಒಂದು ಸಂಜೆ ಜಯನಗರ ನಾಲ್ಕನೇ ಬ್ಲಾಕಿನ ಬಸ್ ನಿಲ್ದಾಣದ ಬಳಿ ಹದಿನೈದು ನಿಮಿಷ ನಿಂತು, ಪಾದಚಾರಿ ಮಾರ್ಗದ ಮೇಲಿಂದಲೇ, ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆದುಕೊಳ್ಳಿ: ಎಷ್ಟು ವಾಹನ, ಎಷ್ಟು ಜನ. ನಡೆದುಹೋಗುವವರನ್ನು ಬಿಡಬೇಡಿ.