ಕ್ಲಚ್ ದ್ರವ ಮತ್ತು ಮನೆಯಂಗಳದ ಮೆಕ್ಯಾನಿಕ್: ಸ್ಪೋರ್ಟ್ಸ್ ಕಾರಿನ ಒಂದು ಸಣ್ಣ ಚರಿತ್ರೆ

ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇದ್ದು, ಚಾಲಕನು ಬಯಸಿದಾಗ ಅವೆರಡನ್ನು ಬೇರ್ಪಡಿಸಿ ಮತ್ತೆ ಕೂಡಿಸುವ ಕ್ಲಚ್ಚನ್ನು ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಬಹುತೇಕ ಕಾರುಗಳಲ್ಲಿ ಕಬ್ಬಿಣದ ಸರಳುಗಳೋ ಉಕ್ಕಿನ ಕೇಬಲ್ಲೋ ಎಳೆಯುತ್ತಿದ್ದವು. ಪೆಡಲಿಗೂ ಕ್ಲಚ್ಚಿಗೂ ನಡುವೆ ದ್ರವ ಬಂದು ಸೇರಿದ್ದು ತಡವಾಗಿ, ಅದೂ ಬ್ರೇಕಿನ ಬೆನ್ನು ಹಿಡಿದು. ಮುಚ್ಚಿದ ಪಾತ್ರೆಯಲ್ಲಿನ ದ್ರವದ ಮೇಲೆ ಬಿದ್ದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂಬ ಪಾಸ್ಕಲನ ನಿಯಮ ಹದಿನೇಳನೆಯ ಶತಮಾನದ್ದೇ ಆದರೂ, ಅದನ್ನು ಕಾರಿನ ಬ್ರೇಕಿಗೆ ಅಳವಡಿಸಿ ಹೆಸರಾದವನು ಅಮೆರಿಕದ ಮಾಲ್ಕಮ್ ಲಾಕ್‌ಹೀಡ್. 1921ರಲ್ಲಿ ಡ್ಯೂಸೆನ್‌ಬರ್ಗ್ ಕಂಪನಿಯ ಮಾಡೆಲ್ ಎ ಕಾರು ನಾಲ್ಕೂ ಚಕ್ರಗಳಿಗೆ ದ್ರವದ ಬ್ರೇಕ್ ಹೊತ್ತು ಬಂದಿತು. 1924ರಲ್ಲಿ ಕ್ರೈಸ್ಲರ್ ಕಾರುಗಳು ಅದನ್ನು ಜನಸಾಮಾನ್ಯರ ಹತ್ತಿರಕ್ಕೆ ತಂದವು.

ಆ ಕಾಲದ ದ್ರವ ಎಂತಹುದೆಂಬುದು ಇಂದಿನ ಓದುಗರಿಗೆ ಸೋಜಿಗ ತರಬಹುದು. ಕನ್ನಡನಾಡಿನ ಮನೆಗಳಲ್ಲಿ ದೀಪಕ್ಕೂ ಔಷಧಕ್ಕೂ ಬಳಕೆಯಲ್ಲಿದ್ದ ಹರಳೆಣ್ಣೆಗೆ ಮದ್ಯಸಾರ ಬೆರೆಸಿ, ಎಣ್ಣೆಯ ಜಿಡ್ಡನ್ನು ತೆಳುವಾಗಿಸಿ, ಕೊಳವೆಗಳಲ್ಲಿ ತುಂಬುತ್ತಿದ್ದರು. ಈ ಆಯ್ಕೆಗೆ ಕಾರಣ ರಬ್ಬರು. ದ್ರವ ಸೋರದಂತೆ ತಡೆಯುವ ಸೀಲುಗಳು, ಅಂದರೆ ಬಟ್ಟಲಿನಾಕಾರದ ರಬ್ಬರ್ ತುಂಡುಗಳು, ಆಗ ಸಹಜ ರಬ್ಬರಿನವಾಗಿದ್ದು, ಖನಿಜ ತೈಲ ತಗುಲಿದರೆ ಉಬ್ಬಿ ಕೆಡುತ್ತಿದ್ದವು. ಹರಳೆಣ್ಣೆಗೆ ಆ ದೋಷವಿರಲಿಲ್ಲ. ಮುಂದೆ ಗ್ಲೈಕಾಲ್ ಈಥರ್ ಎಂಬ ರಾಸಾಯನಿಕ ವರ್ಗದ ದ್ರವಗಳು ಹರಳೆಣ್ಣೆಯ ಜಾಗಕ್ಕೆ ಬಂದರೂ ಖನಿಜ ತೈಲದ ನಿಷೇಧ ಹಾಗೆಯೇ ಉಳಿಯಿತು. ಕ್ಲಚ್ಚಿನ ದ್ರವದ ಡಬ್ಬಿಗೆ ಎಂಜಿನ್ ಆಯಿಲ್ ಸುರಿದವರು ಎಲ್ಲ ಸೀಲುಗಳನ್ನೂ ಬದಲಿಸಬೇಕಾಗಿ ಬರುವುದು ಇಂದಿಗೂ ಇದೇ ಕಾರಣದಿಂದ.

ದ್ರವದ ಕ್ಲಚ್ ಸ್ಪೋರ್ಟ್ಸ್ ಕಾರುಗಳಲ್ಲಿ ನೆಲೆಯೂರಿದ್ದು ಎರಡನೆಯ ಮಹಾಯುದ್ಧದ ನಂತರದ ಬ್ರಿಟನ್ನಿನಲ್ಲಿ. 1953ರ ಟ್ರಯಂಫ್ ಟಿಆರ್2, 1955ರ ಎಂಜಿಎ, 1962ರ ಎಂಜಿಬಿ ಇವೆಲ್ಲ ಆ ಸಾಲಿಗೆ ಸೇರಿದವು. ವಿದೇಶಿ ವಿನಿಮಯಕ್ಕಾಗಿ ಹಾತೊರೆಯುತ್ತಿದ್ದ ಬ್ರಿಟನ್ ತನ್ನ ಕಾರುಗಳನ್ನು ಅಮೆರಿಕಕ್ಕೆ ಮಾರಬೇಕಾಗಿತ್ತು, ಅಲ್ಲಿ ಚಾಲಕ ಕೂರುವುದು ಎಡಕ್ಕೆ. ಒಂದು ಲಕ್ಷಕ್ಕೂ ಮಿಕ್ಕಿ ತಯಾರಾದ ಎಂಜಿಎ ಕಾರುಗಳಲ್ಲಿ ಬಹುಪಾಲು ಹೊರದೇಶಗಳಿಗೇ ಹೋದವು. ಸರಳುಗಳ ಜೋಡಣೆಯನ್ನು ಬಲದಿಂದ ಎಡಕ್ಕೆ ತಿರುಗಿಸುವುದು ತಲೆನೋವಿನ ಕೆಲಸ. ಲೋಹದ ಸಣ್ಣ ಕೊಳವೆಯನ್ನಾದರೋ ಎತ್ತ ಬೇಕಾದರೂ ಬಗ್ಗಿಸಿ ಒಯ್ಯಬಹುದು. ರಬ್ಬರ್ ಆಸರೆಗಳ ಮೇಲೆ ಕೂತ ಎಂಜಿನ್ನಿನ ಅಲುಗಾಟ ಪೆಡಲನ್ನು ಮುಟ್ಟದಿರುವುದೂ ಕೊಳವೆಯ ಇನ್ನೊಂದು ಲಾಭ. ಹಾಗೆಂದು ಎಲ್ಲರೂ ಒಮ್ಮೆಲೇ ಕೇಬಲ್ ಬಿಡಲಿಲ್ಲ. ಪೋರ್ಶೆ 911ರಂಥ ಹೆಸರಾಂತ ಕಾರು ಕೂಡ 1987ರ ಮಾದರಿ ಬರುವವರೆಗೆ ಕೇಬಲನ್ನೇ ನೆಚ್ಚಿಕೊಂಡಿತ್ತು. ಭಾರತದ ಮಧ್ಯಮವರ್ಗ ಕಾರು ಓಡಿಸಲು ಕಲಿತ ಮಾರುತಿ 800ರಲ್ಲಿಯೂ ಇದ್ದದ್ದು ಕೇಬಲ್ಲೇ ಆದುದರಿಂದ, ಕ್ಲಚ್ಚಿನ ದ್ರವ ಬದಲಿಸುವ ವಾಡಿಕೆ ನಮ್ಮಲ್ಲಿ ಬಹುಕಾಲ ಬೇರು ಬಿಡಲಿಲ್ಲ.

ಎಂಜಿಎ ಕಾರಿನಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಸೇರಿ ಒಂದೇ ಎರಕದ ಡಬ್ಬಿಯಿತ್ತು. ಪೆಡಲ್ ತುಳಿದಾಗ ಅದರೊಳಗಿನ ಮಾಸ್ಟರ್ ಸಿಲಿಂಡರ್, ಎಂದರೆ ಪಿಸ್ಟನ್ನಿನಿಂದ ಒತ್ತಡ ಹುಟ್ಟಿಸುವ ಉರುಳೆ, ದ್ರವವನ್ನು ಕೊಳವೆಯಲ್ಲಿ ತಳ್ಳಿದರೆ, ಗೇರ್‌ಬಾಕ್ಸಿನ ಹೊರಮೈಗೆ ಬೋಲ್ಟ್ ಮಾಡಿದ್ದ ಸ್ಲೇವ್ ಸಿಲಿಂಡರ್ ಅದೇ ಒತ್ತಡದಿಂದ ಕ್ಲಚ್ಚಿನ ಸನ್ನೆಯನ್ನು ದೂಡುತ್ತಿತ್ತು. ಸ್ಲೇವ್ ಸಿಲಿಂಡರಿನ ಮೇಲಿದ್ದ ಬ್ಲೀಡ್ ನಿಪ್ಪಲ್, ಅಂದರೆ ತೂತಿರುವ ಪುಟ್ಟ ತಿರುಪು, ಹಳೆಯ ದ್ರವಕ್ಕೂ ಸಿಕ್ಕಿಕೊಂಡ ಗಾಳಿಗೂ ಹೊರದಾರಿ. ಕೆಲಸಕ್ಕೆ ಇಬ್ಬರು ಬೇಕಾಗಿತ್ತು: ಒಬ್ಬರು ಪೆಡಲ್ ತುಳಿದು ಹಿಡಿದರೆ, ಕಾರಿನಡಿ ಮಲಗಿದವರು ನಿಪ್ಪಲ್ ಸಡಿಲಿಸಿ, ತುದಿ ದ್ರವದಲ್ಲಿ ಮುಳುಗಿದ ರಬ್ಬರ್ ನಳಿಕೆಯಿಂದ ಗಾಜಿನ ಜಾಡಿಗೆ ಗುಳ್ಳೆಗಳು ಬಂದು ನಿಲ್ಲುವವರೆಗೆ ಕಾದು, ಪೆಡಲ್ ಮೇಲೇಳುವ ಮೊದಲೇ ನಿಪ್ಪಲ್ ಬಿಗಿಯಬೇಕು. ಈ ಹೊತ್ತಿನಲ್ಲಿ ಡಬ್ಬಿ ಬರಿದಾದರೆ ಗಾಳಿ ಒಳನುಗ್ಗಿ ಮೊದಲಿನಿಂದ ಆರಂಭ.

ಇಂತಹ ಕೆಲಸಗಳನ್ನು ಗ್ಯಾರೇಜಿನಿಂದ ಮನೆಯಂಗಳಕ್ಕೆ ತಂದುದರಲ್ಲಿ ಜಾನ್ ಹೇನ್ಸ್ ಅವರ ಪಾಲು ದೊಡ್ಡದು. ಬ್ರಿಟಿಷ್ ವಾಯುಪಡೆಯ ಸೇವೆಯಲ್ಲಿ ಏಡನ್‌ನಲ್ಲಿದ್ದಾಗ ಸಹೋದ್ಯೋಗಿಯೊಬ್ಬರ ಆಸ್ಟಿನ್-ಹೀಲಿ ಸ್ಪ್ರೈಟ್ ಕಾರನ್ನು ದುರಸ್ತಿ ಮಾಡಲು ಹೊರಟ ಅವರು, ಕಂಪನಿಯ ಕೈಪಿಡಿ ಸಾಮಾನ್ಯ ಮಾಲೀಕನಿಗೆ ನೆರವಾಗದೆಂದು ಕಂಡುಕೊಂಡು, ಕಾರನ್ನು ಬಿಚ್ಚುತ್ತ ಹಂತಹಂತವಾಗಿ ಚಿತ್ರ ತೆಗೆಸಿದರು. 1966ರಲ್ಲಿ ಪ್ರಕಟವಾದ ಆ ಕೈಪಿಡಿಯಿಂದ ಆರಂಭವಾದ ಮಾಲೆ ನೂರಾರು ಕಾರುಗಳಿಗೆ ವಿಸ್ತರಿಸಿತು. ಸ್ಪೋರ್ಟ್ಸ್ ಕಾರಿನ ಚರಿತ್ರೆಕಾರರು ರೇಸಿನ ವೀರರಿಗೆ ಕೊಟ್ಟ ಪುಟಗಳಲ್ಲಿ ಕೆಲವನ್ನಾದರೂ ಈ ಕೈಪಿಡಿಗಳಿಗೆ ಕೊಡಬೇಕಾಗಿತ್ತು.

ದ್ರವವನ್ನು ಬದಲಿಸಲೇಬೇಕಾದುದಕ್ಕೆ ಕಾರಣ ಅದರ ಗುಣದಲ್ಲಿಯೇ ಇದೆ. ಗ್ಲೈಕಾಲ್ ದ್ರವ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ತೇವ ಹೆಚ್ಚಿದಂತೆ ಅದು ಕುದಿಯುವ ತಾಪ ಇಳಿಯುತ್ತದೆ. ಅಮೆರಿಕದ ಸಾರಿಗೆ ಇಲಾಖೆಯ ಮಾನದಂಡದ ಪ್ರಕಾರ ಡಾಟ್ 3 ದರ್ಜೆಯ ದ್ರವ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ, ತೇವ ಹೀರಿದ ಮೇಲೆ ಕನಿಷ್ಠ 140 ಡಿಗ್ರಿವರೆಗೆ ಕುದಿಯದೆ ನಿಲ್ಲಬೇಕು. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಕುದಿದ ದ್ರವದಲ್ಲಿ ಆವಿ ತುಂಬಿ, ಆವಿ ಒತ್ತಿದಷ್ಟೂ ಕುಗ್ಗುವುದರಿಂದ ಪೆಡಲ್ ಸತ್ವವಿಲ್ಲದೆ ನೆಲ ಮುಟ್ಟುತ್ತದೆ. ಇದೇ ದ್ರವ ಬಣ್ಣವನ್ನೂ ಕರಗಿಸುವುದರಿಂದ ಡಬ್ಬಿಯ ಸುತ್ತ ಬಟ್ಟೆ ಹಾಸದೆ ಮುಚ್ಚಳ ತೆಗೆಯುವವರು ಅನುಭವಸ್ಥರಲ್ಲಿ ಇಲ್ಲ. ಸಿಲಿಕೋನಿನ ಡಾಟ್ 5 ತೇವ ಹೀರದು, ಬಣ್ಣವನ್ನೂ ಕೆಡಿಸದು. ಆದರೆ ಗ್ಲೈಕಾಲಿನೊಡನೆ ಬೆರೆಯದು.

ಕೆಲಸದ ಸ್ವರೂಪ ಪೂರ್ತಿ ಬದಲಾದದ್ದು ಸ್ಲೇವ್ ಸಿಲಿಂಡರ್ ಕಣ್ಮರೆಯಾದಾಗ. ಷೆವರ್ಲೆ ಕಾರ್ವೆಟ್ 1984ರಲ್ಲಿ ದ್ರವದ ಕ್ಲಚ್ ಪಡೆದಾಗ ಸ್ಲೇವ್ ಸಿಲಿಂಡರ್ ಹೊರಗೇ ಇತ್ತು. 1997ರಲ್ಲಿ ಬಂದ ಐದನೆಯ ತಲೆಮಾರಿನ ಕಾರ್ವೆಟ್ಟಿನಲ್ಲಿ ತೂಕದ ಹಂಚಿಕೆಗಾಗಿ ಗೇರ್‌ಬಾಕ್ಸನ್ನು ಹಿಂದಿನ ಚಕ್ರಗಳ ಬಳಿಗೆ ಒಯ್ದು, ಕ್ಲಚ್ಚನ್ನು ಎಂಜಿನ್ ಬೆನ್ನಿಗೇ ಉಳಿಸಿದರು. ಸ್ಲೇವ್ ಸಿಲಿಂಡರ್ ಈಗ ತಿರುಗುವ ದಂಡವನ್ನೇ ಬಳಸಿ ಕೂರುವ ಉಂಗುರವಾಗಿ ಕ್ಲಚ್ಚಿನ ಬಿಸಿ ಗೂಡಿನೊಳಗೆ ಸೇರಿತು. ಅದನ್ನು ಬದಲಿಸಲು ಹಿಂಬದಿಯ ಗೇರ್‌ಬಾಕ್ಸನ್ನೂ ಟಾರ್ಕ್ ಟ್ಯೂಬನ್ನೂ, ಎಂದರೆ ಎಂಜಿನ್ನಿನಿಂದ ಗೇರ್‌ಬಾಕ್ಸಿನವರೆಗೆ ಚಾಚಿದ ದಪ್ಪ ಕೊಳವೆಯನ್ನೂ, ಇಳಿಸಬೇಕು. ನಿಪ್ಪಲ್ ಕೈಗೆ ಎಟುಕುವುದೇ ಕಷ್ಟ. ಕಾರನ್ನು ರೇಸಿಗೊಯ್ಯುವ ಮಾಲೀಕರು ಪೆಡಲ್ ಕೆಳಗೇ ಅಂಟುವುದನ್ನೂ ಡಬ್ಬಿಯ ದ್ರವ ಕಪ್ಪಾಗುವುದನ್ನೂ ಕಂಡು, ಮೇಲಿನಿಂದಲೇ ಕೆಲಸ ಮುಗಿಸುವ ದಾರಿ ಹುಡುಕಿದರು. ಅಡುಗೆಯ ಇಲ್ಲವೇ ಔಷಧದ ಸಿರಿಂಜಿನಿಂದ ಡಬ್ಬಿಯ ಹಳೆಯ ದ್ರವ ಹೀರಿ, ತಳದ ಕಪ್ಪು ಗಸಿಯನ್ನು ಒರೆಸಿ, ಹೊಸ ಡಾಟ್ 4 ತುಂಬಿ, ಮುಚ್ಚಳ ಬಿಗಿದು, ಪೆಡಲನ್ನು ಮೂವತ್ತು ಸಲದಷ್ಟು ತುಳಿದರೆ, ಕೊಳವೆಯ ಕೆಟ್ಟ ದ್ರವ ಹೊಸದರೊಡನೆ ಬೆರೆತು ಮೇಲೇರುತ್ತದೆ. ಡಬ್ಬಿ ತಿಳಿಯಾಗಿ ಉಳಿಯುವವರೆಗೆ ಇದೇ ಪುನರಾವರ್ತನೆ.

ಕಟ್ಟುನಿಟ್ಟಾಗಿ ಹೇಳುವುದಾದರೆ ಇದು ದ್ರವವನ್ನು ಬದಲಿಸುವ ಕ್ರಮವೆನಿಸದು, ಕೆಟ್ಟದ್ದನ್ನು ಒಳ್ಳೆಯದರಿಂದ ತೆಳುವಾಗಿಸುವ ಕ್ರಮ. ಒಳಗೆ ಸಿಕ್ಕಿದ ಗಾಳಿಯನ್ನು ಅದು ಖಚಿತವಾಗಿ ಹೊರಗೆ ಹಾಕಲಾರದು, ಸವೆದ ಸೀಲನ್ನು ಸರಿಪಡಿಸಲೂ ಆರದು. ಒಮ್ಮೆ ಗೇರ್‌ಬಾಕ್ಸ್ ಇಳಿಸಿದಾಗಲೇ ನಿಪ್ಪಲ್ಲಿಗೆ ಉದ್ದನೆಯ ನಳಿಕೆ ಜೋಡಿಸಿ ಎಟುಕುವ ಕಡೆಗೆ ತಂದಿಟ್ಟುಕೊಂಡವರ ಉಪಾಯವೇ ಹೆಚ್ಚು ಸಮರ್ಪಕ. ಆದರೂ ಬೇರೆ ಯಾವ ಉಪಕರಣವೂ ಬೇಡದ ಸಿರಿಂಜಿನ ಪದ್ಧತಿಯೇ ಹೆಚ್ಚು ಹರಡಿತು. 2020ರ ಮಾದರಿಯಾಗಿ ಬಂದ ಎಂಟನೆಯ ತಲೆಮಾರಿನ ಕಾರ್ವೆಟ್‌ನಲ್ಲಿ ಇಂತಹ ಯಾವ ಪದ್ಧತಿಗೂ ಎಡೆಯಿಲ್ಲ. ಅದು ತಾನೇ ಗೇರ್ ಬದಲಿಸುವ ಜೋಡಿ ಕ್ಲಚ್ಚಿನ ಗೇರ್‌ಬಾಕ್ಸಿನೊಡನೆ ಮಾತ್ರ ತಯಾರಾಗುತ್ತದೆ, ಕ್ಲಚ್ ಪೆಡಲ್ ಅದರಲ್ಲಿ ಇಲ್ಲವೇ ಇಲ್ಲ.